ತೊಳೆದ ದ್ರಾಕ್ಷಿ, ಸೋಸದ ವೈನು

ದ್ರಾಕ್ಷಿ ತೊಳೆಯಬೇಡಿ ಎಂದು ಆತ ನನಗೆ ಮೂರು ಸಲ ಹೇಳಿದ್ದ. ಮೊದಲ ಸಲ ನಮ್ಮ ತೋಟದಲ್ಲಿ ನಿಂತು, ಎರಡನೇ ಸಲ ಬೀಳಗಿ ಹತ್ತಿರ ತಾನು ವೈನ್ ಮಾಡುವ ಶೆಡ್ಡಿನಲ್ಲಿ, ಮೂರನೇ ಸಲ ಹಣ್ಣು ಕೊಯ್ಯುವ ಹಿಂದಿನ ದಿನ ಫೋನಿನಲ್ಲಿ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಒಂದೇ ಮಾತನ್ನು ಮೂರು ಸಲ ಹೇಳಿಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಗೊತ್ತಾತಪಾ, ಗೊತ್ತಾತು ಎಂದು ಫೋನ್ ಇಟ್ಟೆ. ಗೊತ್ತಾಗಿದ್ದು ನನಗೆ ಮಾತ್ರ. ಹೇಳಬೇಕಾದವರಿಗೆ ನಾನು ಹೇಳಿರಲಿಲ್ಲ.

ಹೇಳಬೇಕಾಗಿದ್ದದ್ದು ನನ್ನ ಅಕ್ಕನಿಗೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ನಾನು ಬನಹಟ್ಟಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಾಗ ತೇರದಾಳ ರಸ್ತೆಯ ನಮ್ಮ ತೋಟವನ್ನು ನಡೆಸಿದವಳು ಆಕೆ. ಜೋಳದ ಹೊಲದಲ್ಲಿ ದ್ರಾಕ್ಷಿ ಹಚ್ಚಿದ್ದೂ ಆಕೆಯೇ. ಒಂದೊಂದು ಬಳ್ಳಿಯನ್ನೂ ಕೂಸಿನ ಹಾಗೆ ಕಟ್ಟಿ ಮೇಲಕ್ಕೆ ಹಬ್ಬಿಸಿದ್ದಾಳೆ. ನಾನು ತೋಟದ ಮಾಲೀಕ ಎಂದು ಕಾಗದದಲ್ಲಿದೆ. ಬಳ್ಳಿಗಳನ್ನು ಕೇಳಿದರೆ ಬೇರೆ ಹೇಳಿಯಾವು.

ನಾವು ದಿಗಂಬರ ಜೈನರು. ಅಕ್ಕ ವ್ರತ ಹಿಡಿದವಳು. ಹೊತ್ತು ಮುಳುಗಿದ ಮೇಲೆ ಆಕೆಗೆ ಊಟವಿಲ್ಲ, ನೆಲದೊಳಗೆ ಬೆಳೆಯುವ ಗಡ್ಡೆಯಿಲ್ಲ, ರಾತ್ರಿ ಹುದುಗಿಟ್ಟ ಹಿಟ್ಟು ನಮ್ಮ ಅಡುಗೆಮನೆಯೊಳಗೆ ಬರುವಂತಿಲ್ಲ. ಹುದುಗುವಿಕೆಯ ಪಾಠ ಮಾಡುವಾಗ ನಾನು ಪ್ರತಿ ವರ್ಷ ಯಾರಾದರೂ ಹುಡುಗಿಯ ಮನೆಯಿಂದ ದೋಸೆ ಹಿಟ್ಟು ತರಿಸಿ ಉಬ್ಬಿದ್ದನ್ನು ತೋರಿಸುತ್ತಿದ್ದೆ. ಇದರೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ, ಸಕ್ಕರೆ ತಿಂದು ಗಾಳಿ ಬಿಡುತ್ತವೆ ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಆ ಹಿಟ್ಟಿನ ದೋಸೆ ಹೇಗಿರುತ್ತದೆ ಎಂದು ಪಾಠ ಹೇಳುವ ಮಾಸ್ತರನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ನೀರಿನ ನೇಮ. ಬಾವಿಯ ನೀರನ್ನು ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹರಿಸಿ, ಅದರಲ್ಲಿ ಸಿಕ್ಕಿಕೊಂಡ ಜೀವಗಳನ್ನು ಬಂದ ಬಾವಿಗೇ ಮರಳಿ ಬಿಡಬೇಕು. ಎಲ್ಲಿಂದ ಬಂದವೋ ಅಲ್ಲಿಗೆ. ನಾನು ಏಳು ವರ್ಷದವನಿದ್ದಾಗ ಅಕ್ಕ ನನ್ನ ಕೈ ಹಿಡಿದು ಇದನ್ನು ಕಲಿಸಿದಳು. ಅಂಚು ಬಿಗಿ ಹಿಡಿ, ಸಡಲ ಬಿಟ್ಟರೆ ಸೋಸಿದ್ದೂ ಒಂದೇ ಬಿಟ್ಟಿದ್ದೂ ಒಂದೇ ಎಂದಿದ್ದಳು.

ಅಕ್ಕ ಎರಡೇ ಕೈಯ ನೀರು ಕುಡಿಯುತ್ತಿದ್ದಳು, ತನ್ನದು ಮತ್ತು ನನ್ನದು. ನನ್ನ ಹೆಂಡತಿ ಮುಧೋಳದ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು, ಗೋಡೆಗೆ ಫಿಲ್ಟರ್ ಮಷೀನು ಕೂಡ್ರಿಸಿದ್ದಾಳೆ. ಮಷೀನು ಹಿಡಿದ ಜೀವಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಎಂದು ಅಕ್ಕ ಕೇಳಿದಳು. ಮಷೀನು ಕೂಡ್ರಿಸಲು ಬಂದವನಿಗೂ ಗೊತ್ತಿರಲಿಲ್ಲ. ಆ ನೀರನ್ನು ಅಕ್ಕ ಮುಟ್ಟಲೇ ಇಲ್ಲ. ಜಮಖಂಡಿಯಲ್ಲಿ ಆಕೆಯ ಕಣ್ಣಿನ ಪೊರೆ ತೆಗೆಸಿದ ದಿನ ನಾನು ಮನೆಯಿಂದ ತಂಬಿಗೆಯಲ್ಲಿ ನೀರು ಒಯ್ದಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ತಂಬಿಗೆ ಕೈಗಿಟ್ಟಾಗ, "ನೀನ ಸೋಸೀದಿ?" ಎಂದು ಕೇಳಿದಳು. ಹೂಂ ಎಂದೆ. ಗಟಗಟ ಕುಡಿದಳು. ಆ ಒಂದು ಹೂಂ ಆಕೆಗೆ ಸಾಕಾಗಿತ್ತು. ನನಗೆ ಸರಕಾರ ಕೊಟ್ಟ ಯಾವ ಸರ್ಟಿಫಿಕೇಟೂ ಅಷ್ಟು ತೂಕದ್ದಲ್ಲ.

ಈಗ ಜೇನುಹುಳುಗಳ ವಿಷಯ ಹೇಳಬೇಕು. ಮೂರು ವರ್ಷದ ಹಿಂದೆ ಒಂದು ಮುಂಜಾನೆ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಹಿಂದಿನ ದಿನ ಬಳ್ಳಿಗಳಿಗೆ ಎಣ್ಣೆ ಹೊಡೆಸಿದ್ದೆ. ಎಣ್ಣೆ ಎಂದರೆ ನಮ್ಮ ಕಡೆ ಹುಳ ಸಾಯಿಸುವ ಔಷಧ. ಅಕ್ಕ ತೋಟದಿಂದ ಬಂದು ಸೆರಗಿನಲ್ಲಿದ್ದದ್ದನ್ನು ನನ್ನ ಕಪ್ಪಿನ ಪಕ್ಕದಲ್ಲಿ ಸುರಿದಳು. ಸತ್ತ ಜೇನುಹುಳುಗಳು, ಒಂದು ಬೊಗಸೆಯಷ್ಟು. ಏನೂ ಬಯ್ಯಲಿಲ್ಲ. ಇನ್ನು ಮುಂದೆ ಈ ತೋಟದಲ್ಲಿ ಎಣ್ಣೆ ಬಂದ್ ಎಂದಳು. ನಾನು ಚಹಾ ಅಲ್ಲೇ ಬಿಟ್ಟೆ. ಅಕ್ಕನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ಬೇವಿನ ರಸ, ಹುಳಿ ಮಜ್ಜಿಗೆ ಸಿಂಪಡಿಸಿಕೊಂಡು ನಡೆಸಿದೆವು. ಅರ್ಧ ಬೆಳೆ ಹೋಯಿತು. ಉಳಿದದ್ದನ್ನು ಎಂದಿನಂತೆ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಲು ಹೋದರೆ ಗಂಧಕದ ಹೊಗೆಯೂ ಬೇಡ ಎಂದಳು ಅಕ್ಕ, ಹೊಗೆಯಲ್ಲಿ ನೊಣ ಇರುವೆ ಸಾಯುತ್ತವೆ. ಆ ಹೊಗೆ ಕೊಡದಿದ್ದರೆ ಮಣೂಕಕ್ಕೆ ಬಂಗಾರದ ಬಣ್ಣ ಬರುವುದಿಲ್ಲ. ನಮ್ಮ ಮಣೂಕ ಕರ್ರಗಾಯಿತು. ವ್ಯಾಪಾರಿ ಒಂದನ್ನು ಬಾಯಿಗೆ ಹಾಕಿಕೊಂಡು ರುಚಿ ಛಲೋ ಇದೆ ಎಂದು ಒಪ್ಪಿದ, ಆದರೆ ಈ ಬಣ್ಣ ನೋಡಿದರೆ ಮಂದಿ ಹೆದರುತ್ತಾರೆ ಎಂದು ಚೀಲ ವಾಪಸು ಕಳಿಸಿದ. ಎರಡು ವರ್ಷ ಹೀಗೇ ಆಯಿತು. ಬಳ್ಳಿ ಕಿತ್ತು ಕಬ್ಬು ಹಾಕ್ರಿ ಎಂದಳು ಹೆಂಡತಿ. ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಕಬ್ಬೇ. ಆದರೆ ಅಕ್ಕ ದಿನಾ ಬೆಳಿಗ್ಗೆ ಬಳ್ಳಿಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ ಬರುವುದನ್ನು ನೋಡಿ ನನಗೆ ಕೊಡಲಿ ಎತ್ತಲಾಗಲಿಲ್ಲ.

ಆಗ ಬಂದವನು ಈ ವೈನಿನವನು. ನಲವತ್ತರ ಆಸುಪಾಸು, ತಾಯಿಯ ತವರು ಮುಧೋಳ. ನಾಸಿಕದ ಕಡೆ ದೊಡ್ಡ ವೈನ್ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಬೇಸತ್ತು ಬಿಟ್ಟು ಬಂದು ಬೀಳಗಿಯ ಹಿನ್ನೀರಿನ ಹತ್ತಿರ ತನ್ನದೇ ಸಣ್ಣ ಶೆಡ್ ಹಾಕಿದ್ದ. ಹುಚ್ಚು ಮಾಸ್ತರನ ಮನೆಯ ಕರಿ ಮಣೂಕದ ಕಥೆಯನ್ನು ವ್ಯಾಪಾರಿಯ ಬಾಯಲ್ಲಿ ಕೇಳಿ ನಗದೆ ನಮ್ಮನ್ನು ಹುಡುಕಿಕೊಂಡು ಬಂದವನು ಆತನೊಬ್ಬನೇ. ಬಳ್ಳಿಗಳ ನಡುವೆ ಮೊಣಕಾಲೂರಿ ಕೂತು ಮಣ್ಣು ಮೂಸಿದ. ಜೇಡರ ಬಲೆ ನೋಡಿ ಖುಷಿಪಟ್ಟ. ನಿಮ್ಮ ಹಣ್ಣೆಲ್ಲ ನನಗೇ ಕೊಡಿ ಸರ ಎಂದ.

ನನಗೆ ನಂಬಿಕೆಯಾಗದೆ ಬೀಳಗಿಗೆ ಹೋಗಿ ನೋಡಿ ಬಂದೆ. ಬಾಗಿಲಲ್ಲಿ ತಿಮ್ಮಾಪುರದಿಂದ ತಂದ ಬಡಕಲು ಮುಧೋಳ ನಾಯಿ ನನ್ನನ್ನು ಮೂಸಿ ಬಿಟ್ಟಿತು. ಒಳಗೆ ಉಕ್ಕಿನ ದೊಡ್ಡ ಪಿಪಾಯಿಗಳು. ಒಂದರ ಮೇಲೆ ಕಿವಿಯಿಡಲು ಹೇಳಿದ. ಒಳಗೆ ಸಣ್ಣಗೆ ಗುಳುಗುಳು ಸದ್ದು. ಕಾರ್ಖಾನೆಗಳಲ್ಲಿ ಪೊಟ್ಟಣದ ಹುದುಗು ಹಾಕುತ್ತಾರೆ, ಗಂಧಕ ಹಾಕುತ್ತಾರೆ, ಬೇಕಾದ ರುಚಿಗೆ ಬೇಕಾದ ಪುಡಿ, ತಿಳಿಯಾಗಲು ಕೆಲವರು ಮೊಟ್ಟೆಯ ಬಿಳಿಯನ್ನೂ ಹಾಕುತ್ತಾರೆ ಎಂದ. ತಾನು ಮಾತ್ರ ಏನೂ ಹಾಕುವುದಿಲ್ಲ, ಏನೂ ತೆಗೆಯುವುದೂ ಇಲ್ಲ, ಹಣ್ಣಿನ ಸಿಪ್ಪೆಯ ಮೇಲೆ ಇರುವ ಜೀವಿಗಳೇ ಎಲ್ಲ ಮಾಡುತ್ತವೆ ಎಂದ. ದೊಡ್ಡ ಊರಿನ ಮಂದಿ ಈಗ ಇಂಥದ್ದನ್ನೇ ಕೇಳಿ ಕೊಳ್ಳುತ್ತಾರಂತೆ. ಬಾಟಲಿಯಲ್ಲಿ ಏನಿದೆ ಎಂದಲ್ಲ, ಏನೇನು ಇಲ್ಲ ಎಂದು ಓದಿ ನೋಡುತ್ತಾರಂತೆ. ಒಂದು ಬಾಟಲಿ ತೋರಿಸಿದ. ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿತ್ತು, ತಳದಲ್ಲಿ ಗಸಿ. ಚೀಟಿಯ ಮೇಲೆ ಸೋಸಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ. ನಮ್ಮ ಮನೆಯಲ್ಲಿ ಆ ಮಾತನ್ನು ತಪ್ಪು ಮಾಡಿದವರು ತಲೆ ತಗ್ಗಿಸಿ ಹೇಳುತ್ತಾರೆ. ಇವನು ಅದನ್ನೇ ಹೆಮ್ಮೆಯಿಂದ ಹಚ್ಚಿಕೊಂಡಿದ್ದ.

ಒಂದು ಗ್ಲಾಸು ಕೊಟ್ಟ. ಮೂಸಿ ವಾಪಸು ಇಟ್ಟೆ. ನೆನೆಹಾಕಿದ ಹುಣಸೆಹಣ್ಣಿನ ವಾಸನೆ, ಅದರ ಹಿಂದೆ ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನೂಲಿಗೆ ಹಚ್ಚುವ ಗಂಜಿಯ ವಾಸನೆ. ಹೆಂಡ ಸೆರೆಯ ವಾಸನೆ ಹೀಗಿರುತ್ತದೆಂದು ನಾನು ಎಣಿಸಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ತಲೆ ಕೆಟ್ಟುಹೋಯಿತು. ಅಕ್ಕನಿಗೂ ಎಣ್ಣೆ ಬೇಡ, ಇವನಿಗೂ ಬೇಡ. ಅಕ್ಕನಿಗೂ ಗಂಧಕ ಬೇಡ, ಇವನಿಗೂ ಬೇಡ. ಮೊಟ್ಟೆ ಇಬ್ಬರಿಗೂ ಬೇಡ. ಕಣ್ಣಿಗೆ ಕಾಣದ ಜೀವ ಇಬ್ಬರಿಗೂ ಬೇಕು. ಇಷ್ಟು ದೂರ ಇಬ್ಬರೂ ಕೂಡಿಯೇ ನಡೆದು ಬಂದು ಕೊನೆಯ ಗ್ಲಾಸಿನ ಹತ್ತಿರ ಅದು ಹೇಗೆ ಬೇರೆಯಾಗುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ಜೇನುಹುಳು ಕೊಂದು ಮಾಡಿದ ಬಂಗಾರದ ಬಣ್ಣದ ಮಣೂಕ ಬಸದಿಯ ಪೂಜೆಗೆ ನಡೆಯುತ್ತದೆ. ಒಂದು ಇರುವೆಯನ್ನೂ ಕೊಲ್ಲದ ಹಣ್ಣಿನ ರಸ ಪಾಪವಾಗುತ್ತದೆ. ಮಹಾಲಿಂಗಪುರ ಬಂದರೂ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಒಂದು ಮಾತ್ರ ಚೆನ್ನಾಗಿ ತಿಳಿದಿತ್ತು. ಪಕ್ಕದ ತೋಟದವರು ಒಂದು ವರ್ಷ ವೈನಿಗೆ ಹಣ್ಣು ಕೊಟ್ಟಿದ್ದರು. ಅಂದಿನಿಂದ ಅಕ್ಕ ಅವರ ಮನೆಗೆ ಹೋದರೂ, ಕೂತರೂ, ನಕ್ಕು ಮಾತಾಡಿದರೂ ನೀರು ಮಾತ್ರ ಮುಟ್ಟಿಲ್ಲ. ಅಂಥವಳಿಗೆ ನಾನು ಖರೆ ಹೇಳಿದರೆ ಹಣ್ಣು ಕೊಡಲು ಬಿಡುವುದಿಲ್ಲ, ಬಳ್ಳಿ ಕೀಳಬೇಕಾಗುತ್ತದೆ, ಹೇಳದೆ ಮಾಡಿ ಆಮೇಲೆ ತಿಳಿದರೆ ನನ್ನ ಕೈಯ ನೀರು ಹೋಗುತ್ತದೆ. ಮನೆಗೆ ಬಂದಾಗ ಅಕ್ಕ ಕೇಳಿದಳು, ಆತ ಹಣ್ಣು ಒಯ್ದು ಏನು ಮಾಡುತ್ತಾನೆ ಎಂದು.

"ರಸಾ ತಗೀತಾನಕ್ಕಾ," ಎಂದೆ.

ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊದಲು ರಸವನ್ನೇ ತಾನೇ ತೆಗೆಯುವುದು. ಅಕ್ಕನಿಗೆ ಆದ ಸಂತೋಷ ನೋಡಬೇಕಿತ್ತು. ಹುಳ ಕೊಲ್ಲದ ಹಣ್ಣೇ ಬೇಕು ಎನ್ನುವವನು ಒಬ್ಬನಾದರೂ ಹುಟ್ಟಿದನಲ್ಲ ಎಂದು ಅವತ್ತು ಹೊತ್ತು ಮುಳುಗುವುದರೊಳಗೆ ಗೋದಿ ಹುಗ್ಗಿ ಮಾಡಿ ಬಡಿಸಿದಳು. ಎರಡು ಸಲ ಹಾಕಿಸಿಕೊಂಡು ತಿಂದೆ. ಹೆಂಡತಿಗೆ ಮಾತ್ರ ನಿಜ ಹೇಳಿದೆ. ನಿಮ್ಮ ಅಕ್ಕ ತಮ್ಮನ ನಡುವೆ ನಾನು ಬರುವುದಿಲ್ಲ ಎಂದು ಟಿಫಿನ್ ಡಬ್ಬಿ ತೊಳೆಯಲು ಹೋದಳು.

ಕೊಯ್ಲಿನ ದಿನ ಬೆಳಿಗ್ಗೆಯೇ ಹೆಣ್ಣಾಳುಗಳು ಹಣ್ಣು ಬಿಡಿಸಿ ಕ್ರೇಟುಗಳಲ್ಲಿ ತುಂಬಿದರು. ಬೀಳಗಿಯ ಗಾಡಿ ಸಂಜೆ ಬರುವುದಿತ್ತು. ನನಗೆ ಹಲ್ಲುನೋವು ತಡೆಯಲಾಗದೆ ಜಮಖಂಡಿಯ ಡಾಕ್ಟರ ಹತ್ತಿರ ಹೋದೆ. ಗಲ್ಲ ಊದಿಸಿಕೊಂಡು ಮೂರೂವರೆಗೆ ಬಂದೆ. ಬಾವಿಯ ಹತ್ತಿರ ದೊಡ್ಡ ಹಂಡೆಗಳು, ಅಂಗಳದ ತುಂಬ ನೀರಿನ ಕಲೆ. ಬೇವಿನ ನೆರಳಲ್ಲಿ ಕ್ರೇಟುಗಳು ಸಾಲಾಗಿದ್ದವು. ಹಣ್ಣು ಪಳಪಳ ಹೊಳೆಯುತ್ತಿತ್ತು, ಸಿಪ್ಪೆಯ ಮೇಲೆ ಇರುವ ಬಿಳಿ ಪುಡಿ ಎಲ್ಲೂ ಇರಲಿಲ್ಲ.

ಅಕ್ಕ ಕಟ್ಟೆಯ ಮೇಲೆ ಕೂತು ಸೀರೆಯ ಅಂಚು ಹಿಂಡುತ್ತಿದ್ದಳು. ಮೊಣಕಾಲವರೆಗೆ ತೊಯ್ದಿತ್ತು. ನೀರಲ್ಲಿ ಆಡಿ ಆಡಿ ಬೆರಳುಗಳು ಬೆಳ್ಳಗೆ ಮುದುಡಿದ್ದವು. ಬಾವಿಯಿಂದ ಸೇದಿ, ಒಂದೊಂದು ಕೊಡವನ್ನೂ ಸೋಸಿ, ಒಂದೊಂದು ಗೊನೆಯನ್ನೂ ಮೊದಲು ಎಲೆಯ ಮೇಲೆ ಮೆಲ್ಲಗೆ ಜಾಡಿಸಿ, ಇರುವೆ ಜೇಡಗಳನ್ನು ಬಳ್ಳಿಗೆ ಬಿಟ್ಟು ಬಂದು, ಆಮೇಲೆ ತೊಳೆದಿದ್ದಾಳೆ. ಹೆಣ್ಣಾಳುಗಳು ಮಧ್ಯಾಹ್ನದ ಊಟ ಮಾಡಿದರು, ಈಕೆ ಅದನ್ನೂ ಮಾಡಿಲ್ಲ.

"ಎಷ್ಟ ಧೂಳಾಗಿತ್ತಪಾ. ಹಂಗ ಕಳಿಸಿದ್ರ ಆತ ಏನ ಅನ್ಕೋತಾನು? ನಾಳೆ ಯಾವುದರೆ ಸಣ್ಣ ಕೂಸು ಕುಡದೀತು," ಎಂದಳು.

ನನ್ನ ಬಾಯಿ ಮರಗಟ್ಟಿತ್ತು. ಡಾಕ್ಟರ ಸೂಜಿಯ ನೆವ ಇತ್ತು, ಅದನ್ನೇ ಮುಂದೆ ಮಾಡಿ ಸುಮ್ಮನಾದೆ. ಆತನಿಗೆ ಫೋನ್ ಮಾಡಿ ಬರಬೇಡ ಎನ್ನಲೇ, ದಾರಿಗೆ ಅಡ್ಡ ಹೋಗಿ ನಿಲ್ಲಿಸಲೇ ಎಂದು ಅಂಗಳದಲ್ಲಿ ಹಿಂದೆ ಮುಂದೆ ತಿರುಗುತ್ತಿರುವಾಗಲೇ ಗಾಡಿ ಬಂದುಬಿಟ್ಟಿತು.

ಆತ ಇಳಿದವನು ಕ್ರೇಟು ನೋಡಿ ಅಲ್ಲೇ ನಿಂತ. ಒಂದು ಗೊನೆ ಎತ್ತಿ, ಒಂದು ಹಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಅಷ್ಟು ಸಲ ಹೇಳಿದ್ದೆನಲ್ಲ ಸರ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು, ಪಾಪ ಎನ್ನಿಸುವಂಥದ್ದು. ಅಕ್ಕ ಎದ್ದು ಬಂದಳು. ತೊಳೆದವಳು ನಾನು, ತೊಳೆದರೆ ಏನಾಗುತ್ತದೆ ಎಂದು ಕೇಳಿದಳು. ನಾನು ನಡುವೆ ಹೋಗಬೇಕಿತ್ತು. ಹೋಗಲಿಲ್ಲ.

"ಆ ಬಿಳಿ ಪುಡಿಯೊಳಗ ಕಣ್ಣಿಗಿ ಕಾಣದ ಜೀವಾ ಇರತಾವ್ರಿ ಅಕ್ಕಾರ," ಎಂದ ಆತ. "ಅವ ಹಣ್ಣಿನ ಸಕ್ರಿ ತಿಂದು ವೈನ್ ಮಾಡೂದು. ನಾ ಹೊರಗಿಂದು ಏನೂ ಹಾಕಾಂಗಿಲ್ರಿ."

ಒಂದೇ ಉಸಿರಿನಲ್ಲಿ ಎರಡು ಸಂಗತಿ ಹೇಳಿಬಿಟ್ಟಿದ್ದ. ಯಾವುದು ಮೊದಲು ತಾಗುತ್ತದೋ ಎಂದು ನಾನು ಅಕ್ಕನ ಮುಖ ನೋಡುತ್ತ ನಿಂತೆ. ಅಕ್ಕ ಮೊದಲು ಕೇಳಿದ್ದು, ಅವು ಸತ್ತವೇನು ಎಂದು. ಸಾಯುವುದಿಲ್ಲ, ನೀರಿನ ಜೊತೆ ಹೋಗಿರುತ್ತವೆ ಎಂದ ಆತ. ಹಾಗಾದರೆ ಚಿಂತೆಯಿಲ್ಲ, ತೊಳೆದ ನೀರನ್ನೆಲ್ಲ ಆಯಾ ಬಳ್ಳಿಯ ಬುಡಕ್ಕೇ ಹೊತ್ತು ಹಾಕಿಸಿದ್ದೇನೆ ಎಂದಳು ಅಕ್ಕ. ಎಲ್ಲಿಂದ ಬಂದವೋ ಅಲ್ಲಿಗೆ. ಆತ ಕೈಯಲ್ಲಿದ್ದ ಗೊನೆಯನ್ನು ಮೆಲ್ಲಗೆ ಕ್ರೇಟಿನಲ್ಲಿಟ್ಟ. ಇಷ್ಟು ವರ್ಷದಲ್ಲಿ ಈ ಕೆಲಸ ಇಷ್ಟು ಚೆನ್ನಾಗಿ ತಿಳಿದವರನ್ನು ತಾನು ಕಂಡಿಲ್ಲ ಎಂದ. ಅದು ಹೊಗಳಿಕೆ ಎಂದೇ ಆತನ ಭಾವನೆ.

ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ರಸಾ ಅಂದಿದ್ದಿ."

ಆಗ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ. ಪಾಠ ಶುರು ಮಾಡಿದೆ. ಅದು ರಸವೇ ಅಕ್ಕಾ, ಸಕ್ಕರೆ ಅಂಶವನ್ನು ಸೂಕ್ಷ್ಮಜೀವಿಗಳು, ಎಂದೇನೋ ಊದಿದ ಗಲ್ಲದಲ್ಲಿ ಅರ್ಧಂಬರ್ಧ ಮಾತು. ಹೆಣ್ಣಾಳುಗಳು ಸೆರಗು ಬಾಯಿಗಿಟ್ಟುಕೊಂಡರು. ಅಕ್ಕ ಪೂರ್ತಿ ಕೇಳಿದಳು. ಮುಗಿದ ಮೇಲೆ ಒಳಗೆ ಹೋದಳು. ನಾನು ಅಕ್ಕನಿಗೆ ವೈನಿನ ಮಾತೇ ಎತ್ತಿಲ್ಲ ಎಂದು ಆತನಿಗೆ ಆಗ ತಿಳಿಯಿತು. ಹಣ್ಣು ಬಿಟ್ಟು ಹೋಗುತ್ತೇನೆ ಸರ ಎಂದ. ಅಡುಗೆಮನೆಯ ಕಿಟಕಿಯಿಂದ ಅಕ್ಕನ ದನಿ ಬಂತು.

"ಮಾತ ಕೊಟ್ಟೀದಿ, ತುಂಬಿ ಕಳಸು."

ತುಂಬಿ ಕಳಿಸಿದೆ. ಅವತ್ತು ಹೊತ್ತು ಮುಳುಗಿತು. ಅಕ್ಕ ಊಟಕ್ಕೆ ಏಳಲಿಲ್ಲ.

ಮರುದಿನ ಎದ್ದು ಎಂದಿನ ಹಾಗೆ ಬಳ್ಳಿಗಳ ಸಾಲಿನಲ್ಲಿ ಸುತ್ತಾಡಿ ಬಂದಳು. ರೊಟ್ಟಿ ಬಡಿದಳು, ಉಂಡಳು, ಹೆಂಡತಿಯ ಬಸ್ಸು ಯಾಕೆ ತಡ ಎಂದು ವಿಚಾರಿಸಿದಳು. ಬೇರೆ ಒಲೆ ಹೂಡುತ್ತಾಳೆ, ಬಸದಿಯ ಹತ್ತಿರದ ನೆಂಟರ ಮನೆಗೆ ಹೋಗುತ್ತಾಳೆ ಎಂದೆಲ್ಲ ಹೆದರಿದ್ದ ನನಗೆ ಇದು ಇನ್ನೂ ಗೊಂದಲವಾಯಿತು. ಕ್ಷಮಿಸಿದಳೋ, ಮರೆತಳೋ, ಇಲ್ಲ ನನ್ನ ಪಾಠವೇ ಒಪ್ಪಿಗೆಯಾಯಿತೋ ಎಂದು ಲೆಕ್ಕ ಹಾಕುತ್ತ ಎರಡು ತಿಂಗಳು ಕಳೆದೆ.

ಬೀಳಗಿಯಿಂದ ಫೋನ್ ಬಂತು. ತೊಳೆದ ಹಣ್ಣು ಎಂಟು ದಿನ ಕಲ್ಲಿನಂತೆ ಸುಮ್ಮನೆ ಕೂತಿತ್ತಂತೆ. ಕೆಟ್ಟಿತು, ಚೆಲ್ಲಬೇಕು ಎಂದುಕೊಂಡಿದ್ದನಂತೆ. ಒಂಬತ್ತನೆಯ ದಿನ ತಾನಾಗಿ ಗುಳುಗುಳು ಶುರುವಾಯಿತಂತೆ. ನಿಧಾನಕ್ಕೆ ಆಯಿತು, ಆದರೆ ಇಂಥದ್ದು ಯಾವತ್ತೂ ಆಗಿರಲಿಲ್ಲ ಎಂದ. ಪುಣೆಯಲ್ಲಿ ಕುಡಿದು ನೋಡಿದವರು ಮುಂದಿನ ವರ್ಷದ್ದನ್ನೂ ಈಗಲೇ ಕೇಳುತ್ತಿದ್ದಾರಂತೆ. ಅಕ್ಕ ಹೇಗೆ ತೊಳೆದರು ಎಂದು ಕೇಳಿ ಹೇಳಿ ಸರ, ಮುಂದಿನ ವರ್ಷ ಸ್ವಲ್ಪ ಹಣ್ಣನ್ನು ಹಾಗೇ ತೊಳೆದು ನೋಡೋಣ ಎಂದ. ಈ ಮನುಷ್ಯನಿಗೂ ನನ್ನ ಹಾಗೇ ತಲೆ ಕೆಟ್ಟಿದೆ ಎಂದು ಸ್ವಲ್ಪ ಸಮಾಧಾನವಾಯಿತು. ಒಂದು ಬಾಟಲಿ ಕಳಿಸಿದ. ಅದನ್ನು ಮನೆಯೊಳಗೆ ತರದೆ ಪಂಪಿನ ಕೋಣೆಯಲ್ಲಿ ಇಟ್ಟಿದ್ದೇನೆ. ಒಡೆದಿಲ್ಲ, ಚೆಲ್ಲಿಲ್ಲ, ಬೇರೆಯವರಿಗೆ ಕೊಟ್ಟೂ ಇಲ್ಲ. ಆಗಾಗ ಬೆಳಕಿಗೆ ಹಿಡಿದು ತಳದ ಗಸಿ ನೋಡುತ್ತೇನೆ. ನಮ್ಮ ತೋಟದ ಜೀವಗಳು. ಸಕ್ಕರೆ ಮುಗಿದ ಮೇಲೆ ತಾವಾಗಿ ಕೆಳಗೆ ಇಳಿದವು. ಅವನ್ನು ಕೊಂದವರು ಯಾರು, ಯಾರಾದರೂ ಕೊಂದರೇ ಎಂದು ವಿಜ್ಞಾನದ ಯಾವ ಪಾಠದಲ್ಲೂ ನಾನು ಓದಿಲ್ಲ.

ಒಂದು ದಿನ ಧೈರ್ಯ ಮಾಡಿ ಅಕ್ಕನನ್ನು ಕೇಳಿದೆ, ಬರುವ ವರ್ಷ ಹಣ್ಣು ಕೊಡಲೋ ಬೇಡವೋ. ಆಕೆ ಬಳ್ಳಿಯ ಬುಡದ ಮಣ್ಣು ಸರಿಮಾಡುತ್ತಿದ್ದಳು. ಹೂವಿನ ಸುತ್ತ ಜೇನುಹುಳು ಗುಂಯ್‌ಗುಡುತ್ತಿದ್ದವು.

"ಇವು ತಿರುಗಿ ಬಂದದ್ದೂ ಖರೆ, ಅದು ಸೆರೆ ಆದದ್ದೂ ಖರೆ. ನನಗ ತಿಳಿವಲ್ದು," ಎಂದಳು. "ನೀನ ನೋಡು."

ಎಪ್ಪತ್ತು ದಾಟಿದ ಅಕ್ಕನ ಬಾಯಲ್ಲಿ ತಿಳಿಯದು ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದೆ. ಅದರ ಖುಷಿಯಲ್ಲಿ, ಹೇಳಲು ನಾಚಿಕೆಯಿಲ್ಲ, ನನಗೆ ಅವತ್ತು ಊಟ ಹೆಚ್ಚು ಸೇರಿತು. ನನ್ನ ಮೇಲೆ ಸಿಟ್ಟಿಲ್ಲ ಎಂದು ತಿಳಿದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬಾವಿಯಿಂದ ನೀರು ಸೇದಿ, ಸೋಸಿ, ಬಟ್ಟೆ ಮಗುಚಿ ಬಾವಿಗೆ ಬಿಟ್ಟು, ಆಕೆಯ ಕೊಡ ತುಂಬಿ ಅಡುಗೆಮನೆಯಲ್ಲಿಟ್ಟೆ. ಪೇಪರು ಮರೆತು ವಾಪಸು ಬಂದೆ. ಅಕ್ಕ ಹಿತ್ತಲ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಖಾಲಿ ಕೊಡದ ಬಾಯಿಗೆ ತನ್ನದೇ ಬೇರೊಂದು ಬಟ್ಟೆ ಹಾಸಿ, ನಾನು ಸೋಸಿಟ್ಟ ನೀರನ್ನು ಅದರ ಮೇಲೆ ಮೆಲ್ಲಗೆ ಸುರಿಯುತ್ತಿದ್ದಳು. ಬಟ್ಟೆಯ ನಡುವೆ ಹಳದಿ ಕಲೆ ಹಳೆಯದಾಗಿತ್ತು. ಇವತ್ತು ನಿನ್ನೆ ಶುರುವಾದ ಕೆಲಸ ಅದಲ್ಲ.

"ನಾ ಸೋಸೀನಕ್ಕಾ," ಎಂದೆ.

"ಹೌದು," ಎಂದಳು, ಅಂಚು ಬಿಗಿ ಹಿಡಿದುಕೊಂಡು.